ಒಡಪಿನಲ್ಲಿ ಬಂದ ಹೆಸರು

ಹಳಿಯಾಳ
ಶನಿವಾರ, 14 ಡಿಸೆಂಬರ್ 2024

ಸೊಸೆಯಲ್ಲದ ಸೊಸೆ ಅನ್ನಪೂರ್ಣಾಳಿಗೆ, ಅತ್ತೆಯಲ್ಲದ ಅತ್ತೆ ಸುಶೀಲವ್ವನ ಆಶೀರ್ವಾದಗಳು.

ಮೊದಲು ಕ್ಷೇಮ ಸಮಾಚಾರ ಬರೆಯಬೇಕಲ್ಲ. ನನ್ನ ಮೊಣಕಾಲು ಇದ್ದ ಹಾಗೇ ಇವೆ, ಖಾನಾವಳಿಯ ಒಲೆಯೂ ಇದ್ದ ಹಾಗೇ ಇದೆ, ಎರಡರ ನಡುವೆ ನಾನಿದ್ದೇನೆ. ಇದನ್ನೇ ಕ್ಷೇಮ ಅಂದುಕೋ. ನೀನು ಫೋನಿಗೆ ಬರುವುದಿಲ್ಲವೆಂದು ಹಟ ಹಿಡಿದಿದ್ದೀ. ಹಾಗಾಗಿ ಏಳನೆಯ ಇಯತ್ತೆಯಲ್ಲಿ ಬಿಟ್ಟ ಅಕ್ಷರಗಳನ್ನು ಮತ್ತೆ ಜೋಡಿಸುತ್ತ ಕೂತಿದ್ದೇನೆ. ನನ್ನ ಜೊತೆ ರೊಟ್ಟಿ ಬಡಿಯುವ ಕಾಶೆವ್ವ ನಾಳೆ ತಂಗಿಯನ್ನು ನೋಡಲು ದಾಂಡೇಲಿಗೆ ಬರುತ್ತಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಫೋನನ್ನಾದರೆ ಕಟ್ ಮಾಡಬಹುದು. ಕಾಶೆವ್ವ ಮಾತ್ರ ನೀನು ಓದಿ ಮುಗಿಸುವ ತನಕ ಎದುರಿಗೆ ಕೂತೇ ಇರುತ್ತಾಳೆ.

ನಿನ್ನೆ ದಾಂಡೇಲಿಯ ಆಸರೆ ಮನೆ ನೋಡಿಕೊಳ್ಳುವ ಸುಮಿತಾ ಅಕ್ಕಾವರು ಫೋನು ಮಾಡಿದ್ದರು. ನೀನು ಆಫೀಸಿನ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದೀಯಂತೆ, ಮಂಚಗಳೆಲ್ಲ ತುಂಬಿವೆಯಂತೆ. ಅವರ ತಪ್ಪೇನಿಲ್ಲ. ಅಲ್ಲಿ ಇರುವ ಅವಧಿ ಮುಗಿಸಿ ನಾವು ಹೊರಬಿದ್ದ ಮೇಲೆ ನಮ್ಮ ಮಂಚಗಳಿಗೆ ನಮ್ಮಂಥ ಬೇರೆಯವರು ಬಂದಿದ್ದಾರೆ. ಆ ಮೇಲೆ ಅಕ್ಕಾವರು, ನೀನೇ ನಿನ್ನ ಗಂಡ ಮಹಾಬಳೇಶ್ವರನಿಗೆ ಫೋನು ಮಾಡಿ ಮನೆಗೆ ಬರುತ್ತೇನೆ ಎಂದಿದ್ದೀ ಎಂದರು. ಇಷ್ಟು ದಿನ ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ಅವನು ಕೇಳಿದ್ದಕ್ಕೆಲ್ಲ ಹೇಳಿದ್ದೀಯಂತೆ. ಸೋಮವಾರ ಅವನು ಮುಂಡಗೋಡದಿಂದ ಬಂದು ನಿನ್ನನ್ನು ಕರೆದೊಯ್ಯುತ್ತಾನಂತೆ. ಅಕ್ಕಾವರಿಗೆ ನಿನ್ನನ್ನು ತಡೆಯುವ ಹಕ್ಕಿಲ್ಲ. ನಾನೂ ತಡೆಯುವುದಿಲ್ಲ ಎಂದು ಬರೆಯಬೇಕೆಂದೇ ಕೂತೆ. ಕೈ ಹಾಗೆ ಬರೆಯಲು ಒಪ್ಪುತ್ತಿಲ್ಲ.

ನನಗೆ ಸಿಟ್ಟು ಬಂದಿದೆ, ಅನ್ನಪೂರ್ಣಾ. ಬಾಯಿ ತಪ್ಪಿದ್ದಕ್ಕಲ್ಲ. ಬಾಯಿ ಯಾರದೂ ತಪ್ಪುತ್ತದೆ. ಹಿತ್ತಲ ಬಾಗಿಲಿನಿಂದ ಒಂದು ಮಾತೂ ಹೇಳದೆ ಹೋದೆಯಲ್ಲ, ಅದಕ್ಕೆ.

ಈ ಬಾಡಿಗೆ ಖೋಲಿ ನಮಗೆ ಹೇಗೆ ಸಿಕ್ಕಿತೆಂಬುದನ್ನು ಮರೆತೆಯಾ? ಆಸರೆ ಮನೆಯಲ್ಲಿ ನಿನಗೆ ಹೊಲಿಗೆ ಕಲಿಸಿದರು, ನನಗೆ ಈ ವಯಸ್ಸಿನಲ್ಲಿ ಬ್ಯಾಂಕಿನ ಖಾತೆ ಮಾಡಿಸಿಕೊಟ್ಟರು, ವಾರಕ್ಕೊಮ್ಮೆ ಎಲ್ಲರನ್ನೂ ಕೂಡಿಸಿ ನಿಮ್ಮ ಕಾಲ ಮೇಲೆ ನೀವು ನಿಲ್ಲಬೇಕು ಎಂದರು. ಮೊಣಕಾಲು ನೋಯುತ್ತವೆ ಎಂಬುದು ಬಿಟ್ಟರೆ ನನ್ನ ಕಾಲು ನಿಲ್ಲಲು ತಯಾರಿದ್ದವು. ನಿಲ್ಲಲಿಕ್ಕೆ ನೆಲ ಯಾರು ಕೊಡುತ್ತಾರೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಪಾಪ, ಅಕ್ಕಾವರು ನಮ್ಮ ಜೊತೆ ದಾಂಡೇಲಿಯ ಓಣಿಗಳನ್ನು ಸುತ್ತಿ ಸುತ್ತಿ ಚಪ್ಪಲಿ ಹರಿದುಕೊಂಡರು. ಮಿಲ್ಲಿನ ಕಡೆಯ ಒಬ್ಬ ಮಾಲಕ ನಿನ್ನ ಕೊರಳು ನೋಡಿ ಗಂಡ ಎಲ್ಲಿ ಎಂದ. ಮೌಳಂಗಿ ರಸ್ತೆಯಲ್ಲಿ ಒಬ್ಬಳು ನನ್ನ ಮುಖ ನೋಡಿ, ಮುದುಕಿ ನಮ್ಮ ಮನೆಯಲ್ಲಿ ಸತ್ತರೆ ಎತ್ತುವವರು ಯಾರು ಎಂದಳು. ಆಸರೆ ಮನೆಯಿಂದ ಬಂದವರು ಎಂದು ಅಕ್ಕಾವರು ಬಾಯಿ ಬಿಟ್ಟರೆ ಮುಗಿಯಿತು, ಖೋಲಿ ನಿನ್ನೆಯೇ ಹೋಯಿತು ಎನ್ನುತ್ತಿದ್ದರು. ಬೀಗ ನೋಡಿದರೆ ಬಾಗಿಲಲ್ಲೇ ನೇತಾಡುತ್ತಿರುತ್ತಿತ್ತು.

ಹಳಿಯಾಳಕ್ಕೆ ಕೆಲಸ ಕೇಳಲು ಬರುವಾಗ ಬಸ್ಸಿನಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ ದಾರಿಯುದ್ದಕ್ಕೂ ಜಗಳಾಡುತ್ತಿದ್ದರು, ನೆನಪಿದೆಯೇ? ಜನ ಎದ್ದು ಅವರಿಗೆ ಸೀಟು ಬಿಟ್ಟುಕೊಟ್ಟರು. ಆಗಲೇ ನನಗೆ ಹೊಳೆದದ್ದು. ಒಂಟಿ ಹೆಂಗಸರಿಬ್ಬರು ಎಂದರೆ ಊರಿಗೆ ಅನುಮಾನ, ಅತ್ತೆ-ಸೊಸೆ ಎಂದರೆ ಅದೊಂದು ಸಂಸಾರ. ನಿನ್ನ ಕೊರಳಲ್ಲಿ ಕರಿಮಣಿ ಇತ್ತು, ನನ್ನ ಹಣೆಯಲ್ಲಿ ಬರೀ ವಿಭೂತಿ. ವೇಷಕ್ಕೆಂದು ಏನೂ ಹುಡುಕಬೇಕಾಗಲಿಲ್ಲ. ಬಸ್ಸು ಇಳಿಯುವಷ್ಟರಲ್ಲಿ ನನಗೊಬ್ಬ ಮಗ ಹುಟ್ಟಿದ್ದ, ಸಂಜೀವಕುಮಾರ ಎಂದು ಹೆಸರಿಟ್ಟಾಗಿತ್ತು, ಗೋವಾದಲ್ಲಿ ಅವನಿಗೆ ಹೋಟೆಲಿನ ಕೆಲಸವೂ ಸಿಕ್ಕಿತ್ತು. ಮದುವೆಯಾಗಿ ಹದಿನೆಂಟು ವರ್ಷ ಹರಕೆ ಹೊತ್ತರೂ ಹುಟ್ಟದವನು ದಾಂಡೇಲಿ ಮತ್ತು ಹಳಿಯಾಳದ ನಡುವೆ ಹುಟ್ಟಿಬಿಟ್ಟ.

ಗೋದುಬಾಯಿ ಬಳೆ ಅಂಗಡಿ ಇಟ್ಟು ನಾಲ್ಕು ಖೋಲಿಗಳ ಚಾಳ ಕಟ್ಟಿಸಿದವಳು. ಜನರನ್ನು ನೋಡಿದವಳು. ಗಂಡಸಿಲ್ಲದ ಹೆಂಗಸರಿಗೆ ಖೋಲಿ ಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದಳು. ನಾನು ಸಂಜೀವಕುಮಾರನನ್ನು ಮುಂದೆ ಮಾಡಿದೆ. ಎರಡು ಹಬ್ಬ ಆದವು, ಮಗ ಬರಲಿಲ್ಲವಲ್ಲ ಎಂದು ಅವಳು ಕೇಳಿದಾಗಲೆಲ್ಲ ಒಂದೊಂದು ನೆವ ಹೇಳಿದೆ. ನಗಬೇಡ, ಹಾಗೆ ಹೇಳುತ್ತ ಹೇಳುತ್ತ ನನಗೇ ಆ ಹುಡುಗನ ಮೇಲೆ ಸಿಟ್ಟು ಬರತೊಡಗಿತ್ತು. ದೀಪಾವಳಿಗೂ ತಾಯಿಗೆ ಒಂದು ಫೋನು ಮಾಡುವುದಿಲ್ಲವಲ್ಲ ಎಂದು.

ಎಲ್ಲ ಸರಿಯಾಗಿ ನಡೆದಿತ್ತು. ಆಸರೆ ಮನೆಯವರು ಕೊಟ್ಟ ಹೊಲಿಗೆ ಮಶೀನು ಕಿಟಕಿಯ ಕೆಳಗೆ ಕೂತಿತ್ತು. ಚಾಳಿನ ಹೆಂಗಸರು ಕುಪ್ಪಸ ಕೊಡತೊಡಗಿದ್ದರು, ಆಮೇಲೆ ಓಣಿಯವರೂ ಬಂದರು. ಗೋದುಬಾಯಿಯ ಬಸುರಿ ಮಗಳು ರೂಪಾಲಿ ತನ್ನ ಕುಬಸದ ಶಾಸ್ತ್ರಕ್ಕೆ ಹಸಿರು ಕುಪ್ಪಸವನ್ನು ನಿನ್ನ ಕೈಯಿಂದಲೇ ಹೊಲಿಸಿಕೊಂಡಳು. ಹೇಳಬೇಕಾದ ಸುಳ್ಳುಗಳನ್ನೆಲ್ಲ ನಾವಿಬ್ಬರೂ ಯೋಚಿಸಿ ಇಟ್ಟಿದ್ದೆವು. ಸಂಜೀವಕುಮಾರನ ಎತ್ತರ ಎಷ್ಟು, ಅವನಿಗೆ ಯಾವ ಪಲ್ಯ ಸೇರುವುದಿಲ್ಲ ಎಂಬುದನ್ನು ಕೂಡ. ಬಸುರಿಗೆ ಉಡಿ ತುಂಬಲು ಕೂತ ಮುತ್ತೈದೆಗೆ ಗಂಡನ ಹೆಸರು ಸೇರಿಸಿ ಒಡಪು ಹೇಳು ಎನ್ನುತ್ತಾರೆ ಎಂಬುದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದದ್ದು, ಅದನ್ನು ಯಾರು ಯೋಚಿಸಿ ಇಡುತ್ತಾರೆ?

ಕುಬಸದ ದಿನ ವಿಧವೆಯೆಂದು ನಾನು ಒಳಗೆ ಹೋಳಿಗೆ ಬೇಯಿಸುತ್ತ ಕೂತಿದ್ದೆ. ಹೊರಗೆ ಹೆಂಗಸರು ನಿನ್ನನ್ನು ಕಾಡುವುದು ಕೇಳುತ್ತಿತ್ತು. ಹೆಸರು ಹೇಳದೆ ಉಡಿ ತುಂಬಲು ಬಿಡುವುದಿಲ್ಲ ಎನ್ನುತ್ತಿದ್ದರು. ನನ್ನ ಕೈಯಲ್ಲಿ ಹೋಳಿಗೆ ಹಾಗೇ ನಿಂತಿತು. ಆಗ ನಿನ್ನ ದನಿ ಬಂತು, ಮದುವೆಯಲ್ಲಿ ಕಲಿತದ್ದು ಇದ್ದ ಹಾಗೇ.

"ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಕ, ಮಹಾಬಳೇಶ್ವರರ ಹೆಸರ ಹೇಳಾಕ ಅಂಜಿಕಿ ಯಾಕ."

ಎಲ್ಲರೂ ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಮಗನ ಹೆಸರು ಸಂಜೀವಕುಮಾರ ಅಂದಿದ್ದರಲ್ಲ ಎಂದು ಗೋದುಬಾಯಿ ಕೇಳಿದ್ದು ನನಗೆ ಒಳಗೇ ಕೇಳಿಸಿತು. ನಾನು ಕೈ ತೊಳೆದುಕೊಂಡು ಹೊರಗೆ ಬರುವಷ್ಟರಲ್ಲಿ ನೀನಿರಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಬಂದೆ. ಕಬ್ಬಿನ ಟ್ರ್ಯಾಕ್ಟರುಗಳು ದಾರಿ ತುಂಬ ನಿಂತಿದ್ದವು, ಅವುಗಳ ನಡುವೆ ನುಸುಳಿ ಬರುವಾಗ ನಿನ್ನ ಬಸ್ಸು ತಿರುವು ದಾಟಿತ್ತು.

ಸಂಜೆ ಬೀಗರು ಹೋದ ಮೇಲೆ ಗೋದುಬಾಯಿ ನಮ್ಮ ಖೋಲಿಗೆ ಬಂದು ಹೊಸ್ತಿಲಲ್ಲಿ ಕೂತಳು. ಇನ್ನು ಸುಳ್ಳು ಹೇಳಲು ನನ್ನಲ್ಲಿ ತ್ರಾಣ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಗಂಡ ತೀರಿದ ಮೇಲೆ ಅಣ್ಣನ ಮನೆ ಸೇರಿದ್ದು, ಅಲ್ಲಿಂದ ಬೀದಿಗೆ ಬಂದದ್ದು, ದಾಂಡೇಲಿಯ ಬಸ್ ಸ್ಟ್ಯಾಂಡಿನಿಂದ ಪೋಲೀಸರು ನನ್ನನ್ನು ಆಸರೆ ಮನೆಗೆ ತಂದು ಬಿಟ್ಟದ್ದು. ನಿನ್ನದನ್ನೂ ಹೇಳಿದೆ, ನಿನ್ನನ್ನು ಕೇಳದೆ. ಅವಳು ಒಂದೇ ಮಾತು ಕೇಳಿದಳು: "ಹೊಡೀತಿದ್ದನೇನು?" ನಿನ್ನ ಬಲಗೈಯ ನಡುಬೆರಳಿನ ಸಂಗತಿ ಹೇಳಿದೆ. ಅದು ಪೂರ್ತಿ ಮಡಚುವುದಿಲ್ಲ, ತುತ್ತು ಮಾಡುವಾಗ ಅನ್ನ ಉದುರುತ್ತದೆ ಎಂದೆ. ಅವಳು ಎದ್ದು ಹೋದಳು. ಇರಿ ಎನ್ನಲಿಲ್ಲ, ಬಿಡಿ ಎನ್ನಲಿಲ್ಲ. ಆಗಿನಿಂದ ನಳದ ಹತ್ತಿರ ಎದುರಾದರೂ ಮಾತಿಲ್ಲ. ಚಾಳಿನವರು ನನ್ನನ್ನು ಕಂಡರೆ ದನಿ ತಗ್ಗಿಸುತ್ತಾರೆ. ನಾನು ಸೀರೆಗಳನ್ನು ಮಡಚಿ ಗಂಟು ಕಟ್ಟಿ ಇಟ್ಟಿದ್ದೇನೆ. ಬಿಡು ಎಂದರೆ ಹೊರಡಲು ತಡವಾಗಬಾರದು.

ಆದ್ದರಿಂದ ವಾಪಸು ಬಾ, ಇಲ್ಲಿ ಎಲ್ಲ ಸರಿ ಇದೆ ಎಂದು ನಿನಗೆ ಬರೆಯಲಾರೆ. ಇಲ್ಲಿ ಏನೂ ಸರಿ ಇಲ್ಲ. ಖೋಲಿ ಉಳಿಯುತ್ತದೆಯೋ ಇಲ್ಲವೋ ಗೊತ್ತಿಲ್ಲ. ಉಳಿಯದಿದ್ದರೆ ಮತ್ತೆ ಆ ಬಾಗಿಲುಗಳನ್ನು ತಟ್ಟಬೇಕು, ಮತ್ತೆ ಯಾರದೋ ಮುಖ ನೋಡಬೇಕು. ನಿನಗೆ ದಣಿವಾಗಿದೆ, ಗೊತ್ತು. ನನಗೂ ಆಗಿದೆ. ಹೀಗೆ ದಣಿದಾಗ ಮೊದಲಿನ ಮನೆಯೇ ವಾಸಿ, ಅಲ್ಲಿ ಹೊಡೆತ ಯಾವ ಕಡೆಯಿಂದ ಬರುತ್ತದೆಂದಾದರೂ ತಿಳಿದಿದೆ ಅನ್ನಿಸುತ್ತದೆ. ನಾನೂ ಅಣ್ಣನ ಮನೆಗೆ ಎರಡು ಸಲ ಮರಳಿ ಹೋದವಳೇ. ಎರಡು ಸಲವೂ ಅತ್ತಿಗೆ ಬಾಗಿಲಲ್ಲಿ ನಗುತ್ತಲೇ ಕರೆದುಕೊಂಡಳು.

ಮಹಾಬಳೇಶ್ವರ ಫೋನಿನಲ್ಲಿ ಅತ್ತನಂತೆ. ಇರಬಹುದು. ನಿನ್ನ ಕೊರಳಿನ ಚಿನ್ನದ ಬೋರಮಾಳ ಮಾರಿದ ದಿನವೂ, ತವರಿನವರು ಕೊಟ್ಟ ಎಮ್ಮೆ ಮಾರಿದ ದಿನವೂ ಅತ್ತಿದ್ದ ಎಂದು ನೀನೇ ಹೇಳಿದ್ದೀ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಮಾಡಿದವರು ಮುರಿದ ಬೆರಳಿನಲ್ಲಿ ಉಂಡವರಲ್ಲ. ಈ ಸಲ ಅವನು ನಿಜವಾಗಿಯೂ ಬದಲಾಗಿದ್ದರೆ ನಾನು ಅಡ್ಡ ಬಂದ ಪಾಪ ನನಗಿರಲಿ. ಆದರೆ ಸೋಮವಾರ ಅವನ ಹಿಂದೆ ಬಸ್ಸು ಹತ್ತುವ ಮುಂಚೆ ಒಮ್ಮೆ ಯೋಚಿಸು. ಇಷ್ಟು ತಿಂಗಳು ನಿನ್ನ ದುಡಿಮೆಯಲ್ಲಿ ನೀನು ಉಂಡೆ. ಮೊದಲು ನಿದ್ದೆಯಲ್ಲಿ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಿದ್ದವಳು ಈಚೆಗೆ ಕಾಲು ಚಾಚಿ ಮಲಗುತ್ತಿದ್ದೆ. ನಾನು ನೋಡಿದ್ದೇನೆ.

ಇಷ್ಟೆಲ್ಲ ನಿನ್ನ ಸಲುವಾಗಿ ಬರೆದೆ ಎಂದುಕೊಳ್ಳಬೇಡ, ಅದು ಅರ್ಧ ಮಾತು. ನೀನಿಲ್ಲದಿದ್ದರೆ ನಾನು ಅತ್ತೆಯೂ ಅಲ್ಲ, ಮತ್ತೆ ಬಸ್ ಸ್ಟ್ಯಾಂಡಿನ ಮುದುಕಿ. ಅದಕ್ಕೂ ಹೆದರುತ್ತೇನೆ. ಆದರೆ ಅದಕ್ಕಿಂತ ಹೆಚ್ಚು, ಸಂಜೆ ಖಾನಾವಳಿಯಿಂದ ಬಂದಾಗ ಖೋಲಿಯಲ್ಲಿ ಮಶೀನಿನ ಸಪ್ಪಳವಿಲ್ಲದಿದ್ದರೆ ನನಗೆ ಒಳಗೆ ಹೋಗಬೇಕೆನ್ನಿಸುವುದಿಲ್ಲ. ಮೂರು ದಿನದಿಂದ ಕಟ್ಟೆಯ ಮೇಲೆಯೇ ಕೂತು ಉಣ್ಣುತ್ತಿದ್ದೇನೆ. ನನಗೆ ನೀನು ಬೇಕು, ಇಷ್ಟೇ.

ಬರುವುದಾದರೆ ಕಾಶೆವ್ವನ ಜೊತೆ ಬಾ, ಅವಳು ಸಂಜೆಯ ಬಸ್ಸಿಗೆ ಮರಳುತ್ತಾಳೆ. ಬಾರದಿದ್ದರೆ ಊರಿಗೆ ಹೋದ ಮೇಲೆ ಒಮ್ಮೆ ಫೋನು ಮಾಡು. ಮಾತಾಡದಿದ್ದರೂ ನಡೆಯುತ್ತದೆ, ಬದುಕಿದ್ದೀ ಎಂದು ನನಗೆ ತಿಳಿದರೆ ಸಾಕು.

ಇಂತಿ,
ಸುಳ್ಳಿಗೆ ಅತ್ತೆಯಾಗಿ ನಿಜಕ್ಕೂ ಹಾಗೇ ಆಗಿಹೋದ
ಸುಶೀಲವ್ವ

ತಾ. ಕ.: ಭಾನುವಾರ ಬೆಳಿಗ್ಗೆ. ಕಾಶೆವ್ವನ ಬಸ್ಸು ತಡವಾಗಿದೆ, ಅದಕ್ಕೇ ಇದನ್ನು ಬರೆಯಲು ಆಯಿತು. ಈಗ ಒಂದು ತಾಸಿನ ಹಿಂದೆ ನಿನ್ನ ಗಂಡ ಇಲ್ಲಿಗೆ ಬಂದಿದ್ದ. ಬಾಡಿಗೆಯ ಟಂಟಂ ಗಾಡಿ ತಂದಿದ್ದ. ನೀನು ಹೇಗಿದ್ದೀ ಎಂದು ಕೇಳಲಿಲ್ಲ. ಹೆಂಡತಿಯ ಹೊಲಿಗೆ ಮಶೀನು ಒಯ್ಯಬೇಕು ಎಂದ. ಟಂಟಮ್ಮಿನವನು ಕೂತಲ್ಲಿಂದಲೇ, ಮಶೀನು ಕೊಳ್ಳುವ ಗಿರಾಕಿ ಮುಂಡಗೋಡದಲ್ಲಿ ಕಾಯುತ್ತಿದ್ದಾನೆ, ಬೇಗ ಮಾಡಿ ಎಂದು ಕೂಗಿದ. ನಿನ್ನನ್ನು ಕರೆಯಲು ನಾಳೆ, ಮಶೀನು ಮಾರಲು ಇವತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ.

ಗೋದುಬಾಯಿ ಕಟ್ಟೆಯ ಮೇಲೆ ಬಳೆ ಆರಿಸುತ್ತಿದ್ದವಳು ಹೆಸರೇನು ಎಂದಳು. ಮಹಾಬಳೇಶ್ವರ ಎಂದ. ಅವಳು ಬಳೆ ಕೆಳಗಿಟ್ಟು ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತಳು. "ಈ ಖೋಲ್ಯಾಗ ಅತ್ತಿ-ಸೊಸಿ ಅದಾರ. ಸೊಸೀ ಗಂಡ ಸಂಜೀವಕುಮಾರ, ಗೋವಾದಾಗ ಅದಾನ. ನೀ ಯಾರಪಾ?" ಅವನು ಜೋರು ಮಾಡಿದ. ಕುಬಸದ ದಿನ ನಕ್ಕಿದ್ದ ಹೆಂಗಸರೆಲ್ಲ ಹೊರಗೆ ಬಂದು ನಿಂತರು, ಸಂಜೀವಕುಮಾರನನ್ನು ತಾವೇ ಕಂಡವರ ಹಾಗೆ. ಅವನು ಬೈಯುತ್ತ ಹೋದ. ಅಕ್ಕಾವರಿಗೆ ಫೋನು ಮಾಡಿ ಹೇಳಿದ್ದೇನೆ, ಅವನು ಅಲ್ಲಿಗೆ ಬಂದರೆ ನಿನ್ನನ್ನು ಕೇಳದೆ ಗೇಟು ತೆಗೆಯುವುದಿಲ್ಲ.

ಗೋದುಬಾಯಿ ಮತ್ತೆ ಬಳೆ ಆರಿಸಲು ಕೂತು, ನನ್ನ ಕಡೆ ನೋಡದೆ ಹೇಳಿದಳು: "ನಿಮ್ಮ ಸೊಸೀಗೆ ಬರೀರಿ, ಇನ್ನ ಮ್ಯಾಲ ಒಡಪ ಹೇಳೂದಿದ್ರ ಗಂಡನ ಹೆಸರ ಏನಂತ ನನ್ನ ಕೇಳಿ ಹೇಳು ಅಂತ."