ನಿನ್ನ ಚಳಿಯನ್ನು ತೊಟ್ಟು ನೋಡಿದೆ

ಜಿಂಜ್, ಬಹರೈನ್
16 ನವೆಂಬರ್ 2013

ಮುದ್ದು ನಿಕ್ಕೀ,

ಹೇಗಿದ್ದೀಯಮ್ಮ? ಬೆರಳ ತುದಿಗೆ ಸ್ಪರ್ಶ ಮರಳಿತೇ? ಮುಲಾಮು ಹಚ್ಚುತ್ತಿದ್ದೀ ತಾನೆ? ನಾವು ಕ್ಷೇಮ. ನವೆಂಬರ್ ಬಂದರೂ ಇಲ್ಲಿ ಮಧ್ಯಾಹ್ನ ಎ.ಸಿ. ಬೇಕೇ ಬೇಕು.

ಆ ನಾರ್ವೆಯ ಆಕಾಶದಲ್ಲಿ ಹಸಿರು ಬೆಳಕು ಕುಣಿಯುವ ಫೋಟೊ ತೆಗೆಯಲು ಹೋಗಿ ಬೆರಳುಗಳು ಮರಗಟ್ಟಿ ಬೆಳ್ಳಗಾದವೆಂದು ನೀನು ಫೋನಿನಲ್ಲಿ ನಗುತ್ತಾ ಹೇಳಿದೆ. ನನಗೆ ನಗು ಬರಲಿಲ್ಲ. ಬ್ಯಾಂಕಿನ ಕೆಲಸ ಬಿಟ್ಟು ಕ್ಯಾಮೆರಾ ಹಿಡಿದು ನೀನು ಹೊರಟಾಗಿನಿಂದ ಮಾತು ಬಿಟ್ಟಿರುವ ನಿನ್ನ ಅಪ್ಪ, ಪೇಪರಿನ ಹಿಂದೆ ಮುಖ ಮರೆಸಿಕೊಂಡು ಎಲ್ಲ ಕೇಳಿಸಿಕೊಂಡರು. ನಾನು ಉಣ್ಣೆಯ ಕೈಗವಸು ಹೆಣೆದೆ. ಆದರೆ ಅದು ಸಾಕೋ ಇಲ್ಲವೋ, ಈ ಮರಳುಗಾಡಿನಲ್ಲಿ ತಿಳಿಯುವುದು ಹೇಗೆ?

ಕೆಳಮನೆಯ ಮುಹಮ್ಮದ್ ಶರೀಫ್ ಮೀನಾ ಸಲ್ಮಾನ್ ಬಂದರಿನಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಾರಲ್ಲ, ಆ ಶೀತಕೋಣೆಯೊಳಗೆ ಸ್ವಲ್ಪ ಹೊತ್ತು ನಿಂತು ನೋಡಬಹುದೇ ಎಂದು ಅವರನ್ನೇ ಕೇಳಿದೆ. ನಿನ್ನೆ ಶುಕ್ರವಾರ ಅಪ್ಪನೇ ಕಾರಿನಲ್ಲಿ ಕರೆದೊಯ್ದರು. ಮೈಗಂಟುವ ಒಳಅಂಗಿ, ಮೇಲೆ ಸ್ವೆಟರ್, ಅದರ ಮೇಲೆ ಶರೀಫರ ದಪ್ಪ ಜಾಕೆಟ್, ಕೈಗೆ ನಾನೇ ಹೆಣೆದ ಗವಸು, ಕೊರಳಲ್ಲಿ ನಿನ್ನ ಹಳೆಯ ಕ್ಯಾಮೆರಾ. ಒಳಗೆ ಹೋದೆ.

ನಿಕ್ಕೀ, ಯಂತ್ರದ ಗುಂಯ್ ಎನ್ನುವ ಸದ್ದು ಜೋಗುಳದ ಹಾಗಿತ್ತು. ನನ್ನ ಉಸಿರು ಕಣ್ಣೆದುರೇ ಬಿಳಿ ಮೋಡವಾಗಿ ತೇಲಿತು. ಛಾವಣಿಯ ಕೊಳವೆಗಳ ಮೇಲೆ ಸಕ್ಕರೆ ಉದುರಿಸಿದಂತೆ ಹಿಮ. ಅದು ದೀಪಕ್ಕೆ ಮಿನುಗಿದಾಗ ಎಲ್ಲಿದ್ದೇನೆಂಬುದೇ ಮರೆಯಿತು. ನೀನು ಪಕ್ಕದಲ್ಲೇ ನಿಂತಿದ್ದೀಯ ಅನ್ನಿಸಿತು. ಫೋಟೊ ತೆಗೆಯೋಣವೆಂದರೆ ದಪ್ಪ ಗವಸಿಗೆ ಗುಂಡಿ ಸಿಗದು, ಕಳಚಿದರೆ ಲೋಹ ಬೆರಳು ಕಚ್ಚುತ್ತದೆ. ಅಷ್ಟರಲ್ಲಿ ಬ್ಯಾಟರಿಯೂ ಸತ್ತಿತು. ಆದರೂ ಹೊರಬರಲು ಮನಸ್ಸಿಲ್ಲ.

"ಸತ್ಯಕ್ಕಾ, ಸಾಕು ಮಾರಾಯ್ರೆ, ಹೊರಗೆ ಬನ್ನಿ!" ಎಂದು ಶರೀಫ್ ಬಾಗಿಲು ತೆರೆದರು. ಅಪ್ಪ ನನ್ನ ಕೈಗಳನ್ನು ತಮ್ಮ ಅಂಗೈಯೊಳಗೆ ಇಟ್ಟುಕೊಂಡು ಬಹಳ ಹೊತ್ತು ನಿಂತರು. "ನಿಕ್ಕಿಗೂ ಹೀಗೇ ಆಗಿರುತ್ತಲ್ವಾ?" ಎಂದರು. ನಿನ್ನ ಹೆಸರು ಅವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು!

ಅದಕ್ಕೇ ಹೇಳುತ್ತೇನೆ, ಬೆರಳಿಗಂಟುವ ತೆಳು ಗವಸು ಒಳಗಿರಲಿ, ನಾನು ಹೆಣೆದು ಇದರೊಡನೆ ಕಳಿಸಿರುವುದು ಮೇಲೆ. ಹತ್ತಿಯ ಒಳಅಂಗಿ ಬೇಡ, ಬೆವರಿಗೆ ಒದ್ದೆಯಾಗಿ ಮೈಯನ್ನೇ ತಣ್ಣಗಾಗಿಸುತ್ತದಂತೆ. ಇನ್ನೊಂದು ಬ್ಯಾಟರಿ ಎದೆಯ ಹತ್ತಿರದ ಜೇಬಿನಲ್ಲಿರಲಿ.

ನಿನ್ನ ಕಣ್ಣಿಗೆ ಬೇಕಾದ ಬೆಳಕೆಲ್ಲ ಸಿಗಲಿ ಮಗಳೇ, ಮೈ ಬೆಚ್ಚಗಿರಲಿ.

ನಿನ್ನ ಅಮ್ಮ,
ಸತ್ಯವತಿ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಬಂದು ಕೇಳಿದರು, "ಫೆಬ್ರವರೀಲಿ ನಾವಿಬ್ರೂ ಹೋದ್ರೆ, ನನ್ನನ್ನ ಒಳಗೆ ಕರೀತಾಳಾ ಅವಳು?" ಕಾಗದ ಕೈಸೇರಿದ ಕೂಡಲೇ ಫೋನ್ ಮಾಡು. ನನಗಲ್ಲ, ಅವರಿಗೆ.