ಕೇಳಿದವರು ಎಷ್ಟು?

ಮಾರ್ಚ್ 4, ಬೆಳಿಗ್ಗೆ

ಪಾಳಿ ಮುಗಿಸಿ ಬಂದೆ. ಇನ್ನೂ ಕೋಟು ಬಿಚ್ಚಿಲ್ಲ. ಬೂಟಿನ ಹಿಮ ಅಡುಗೆಮನೆ ತುಂಬ ಕರಗುತ್ತಿದೆ, ಅಮ್ಮ ಎದ್ದರೆ ಬೈಗುಳ ಗ್ಯಾರಂಟಿ. ಆದರೂ ಮೊದಲು ಇದು.

ಹೆಣ್ಣು ಮಗು. ಆಂಬುಲೆನ್ಸಿನಲ್ಲೇ. ದೊಡ್ಡಾಸ್ಪತ್ರೆಗೆ ಇನ್ನೂ ಅರ್ಧ ದಾರಿ ಇತ್ತು. ಅರ್ಮಾಂಡ್ ಗಾಡಿ ಪಕ್ಕಕ್ಕೆ ಹಾಕಿ ಹಿಂದಕ್ಕೆ ತಿರುಗಿ ಕೂಗುತ್ತಿದ್ದ, ತಾನೇ ಹೆರುತ್ತಿದ್ದೇನೆ ಅನ್ನುವ ಹಾಗೆ.

"ಏನಾದ್ರೂ ಹೇಳೇ ರೆನೆಲ್! ಉಸಿರಾಡ್ತಿದೆಯಾ?"

"ನೀನು ಮೊದ್ಲು ಉಸಿರಾಡು ಮಾರಾಯ."

ಮಗು ಅತ್ತಿತು. ತಾಯಿಗೆ ಮಾತ್ರ ರಕ್ತ ನಿಲ್ಲಲಿಲ್ಲ. ಅವಳ ಹೊಟ್ಟೆ ಒತ್ತಿ ಹಿಡಿದು ಕೂತೆ, ದಾರಿಯುದ್ದಕ್ಕೂ. ನನಗೆ ಬರುವುದು ಅಷ್ಟೇ. ಊರಿನ ಹೆರಿಗೆ ವಾರ್ಡು ಮುಚ್ಚಿದಾಗಿನಿಂದ ಈ ಕಣಿವೆಯ ಬಸುರಿಯರೆಲ್ಲ ಹೀಗೆ ರಸ್ತೆಯ ಪಾಲು. ಸಿಟ್ಟು ಬರುತ್ತದೆ. ನಾನು ಹೆರಿಗೆ ಡಾಕ್ಟರೇ ಆಗಬೇಕು, ಇಲ್ಲಿಗೇ ಬರಬೇಕು. ಬೇರೇನೂ ಬೇಡ.

ಈಗ ಫೋನ್ ಬಂತು. ತಾಯಿ ಮಗು ಇಬ್ಬರೂ ಕ್ಷೇಮ. ಸ್ವಲ್ಪ ಅತ್ತುಬಿಟ್ಟೆ. ನೆಲ ಒರೆಸಬೇಕು...

ಮಾರ್ಚ್ 7, ಭಾನುವಾರ

ಹೋದ ವರ್ಷ ಒಂದೂ ಸೀಟಿಲ್ಲ. ಈ ವರ್ಷ ಎರಡು! ಎರಡೂ ಆಸ್ಟಿಯೋಪತಿ ವೈದ್ಯಕೀಯ ಕಾಲೇಜು. ಓದು ಮುಗಿದರೆ ಹೆಸರಿನ ಜೊತೆ ಎಂಡಿ ಅಲ್ಲ, ಡಿಒ; ಈ ದೇಶದಲ್ಲಿ ಎರಡೂ ಪೂರ್ತಿ ಡಾಕ್ಟರೇ. ಊಟಕ್ಕೆ ಬಂದಿದ್ದ ಫರ್ನಾಂಡ್ ಚಿಕ್ಕಮ್ಮ ಮೂಗು ಮುರಿದರು.

"ಅಂದ್ರೆ ಬೆನ್ನು ನೀವೋ ಡಾಕ್ಟ್ರಾ?"

ಅಮ್ಮ ಕಾವಲಿಯಿಂದ ತಿರುಗಲೂ ಇಲ್ಲ. "ನಿನ್ನ ಮಕ್ಕಳಿಗೆಲ್ಲ ಹೆರಿಗೆ ಮಾಡ್ಸಿದ್ರಲ್ಲ ಮುದುಕ ಸಿರ್ವಾ ಡಾಕ್ಟ್ರು, ಅವ್ರು ಏನಾಗಿದ್ರು ಅಂದ್ಕೊಂಡಿದ್ದೀಯ? ಡಿಒ. ಬಾಯಿ ಮುಚ್ಕೊಂಡು ಪ್ಲೋಯ್ ದೋಸೆ ತಿನ್ನು, ಆರಿದ್ರೆ ಚೆನ್ನಾಗಿರಲ್ಲ."

ಚಿಕ್ಕಮ್ಮ ಬೆಣ್ಣೆ ಸವರಿ ತಿಂದರು. ಅಮ್ಮನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಕೈಯಲ್ಲಿ ಸಟ್ಟುಗ ಇತ್ತು, ಬಿಟ್ಟೆ.

ಮಾರ್ಚ್ 9

ಒಂದು ಕಾಲೇಜು ದಕ್ಷಿಣದಲ್ಲಿ. ಹೊಚ್ಚ ಹೊಸದು, ಪೂರ್ತಿ ಗಾಜು. ಇನ್ನೊಂದು ಪೆನ್ಸಿಲ್ವೇನಿಯಾದ ಹಳೆಯ ಇಟ್ಟಿಗೆ ಕಟ್ಟಡ. ಗಾಜು, ಇಟ್ಟಿಗೆ... ಹಾಗೇ ಕರೆಯುತ್ತೇನೆ.

ನೋಡಬೇಕಾದ್ದು ಕಟ್ಟಡವಲ್ಲ, ಮ್ಯಾಚ್. ಕೊನೆಯ ವರ್ಷ ನಮಗೆ ಬೇಕಾದ ಆಸ್ಪತ್ರೆಗಳನ್ನು ನಾವು ಸಾಲಾಗಿ ಬರೆಯಬೇಕು. ಅವರು ನಮ್ಮನ್ನು ಸಾಲಾಗಿ ಬರೆಯುತ್ತಾರೆ. ಕಂಪ್ಯೂಟರು ಸಂಬಂಧ ಕುದುರಿಸುತ್ತದೆ. ಕುದುರಿದರೆ ರೆಸಿಡೆನ್ಸಿ, ಅಂದರೆ ಆ ಆಸ್ಪತ್ರೆಯಲ್ಲಿ ಒಂದು ವಿಭಾಗದ ತರಬೇತಿ. ಇಲ್ಲವಾದರೆ ಡಿಗ್ರಿ ಹಿಡಿದುಕೊಂಡು ಮನೆಯಲ್ಲಿ ಕೂರುವುದು. ಹೆರಿಗೆ ವಿಭಾಗಕ್ಕೆ ನೂಕುನುಗ್ಗಲು, ಅದರಲ್ಲೂ ಡಿಒಗಳಿಗೆ ಕಷ್ಟ.

ಗಾಜಿನವರ ಪಟ್ಟಿ: ನೂರಕ್ಕೆ ನೂರು ಜನಕ್ಕೂ ರೆಸಿಡೆನ್ಸಿ. ಹೆರಿಗೆ ವಿಭಾಗಕ್ಕೇ ಹನ್ನೊಂದು!

ಇಟ್ಟಿಗೆಯವರದು: ನೂರಕ್ಕೆ ನೂರಿಲ್ಲ. ಹೆರಿಗೆಗೆ ನಾಲ್ಕು.

ಇದರಲ್ಲಿ ಯೋಚನೆ ಮಾಡುವುದೇನು? ಗಾಜು.

ಮಾರ್ಚ್ 12

ಆಂಬುಲೆನ್ಸ್ ಸ್ಟೇಷನ್ನಿನಲ್ಲಿ ಕೆಲಸವಿಲ್ಲ. ಟೆಲಿಫೋನ್ ಡೈರೆಕ್ಟರಿಯ ಹಾಳೆಯ ಕೆಳಗೆ ಒಂದು ಕೂದಲಿಟ್ಟು, ಕಣ್ಣು ಮುಚ್ಚಿ, ಬೆರಳಲ್ಲೇ ಅದು ಎಲ್ಲಿದೆ ಅಂತ ಹುಡುಕುತ್ತಿದ್ದೆ. ಸಿಕ್ಕಿದರೆ ಇನ್ನೊಂದು ಹಾಳೆ ಮೇಲೆ. ಆಸ್ಟಿಯೋಪತಿ ಕಲಿಯುವವರು ಕೈ ಪಳಗಿಸುವ ಹಳೆಯ ಪದ್ಧತಿ. ಅರ್ಮಾಂಡ್ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ತಲೆ ಕೆಟ್ಟಿದೆಯೇನೇ? ಫೋನ್ ಬುಕ್ಕಿಗೆ ಮಸಾಜಾ?"

"ಕೂದಲು ಹುಡುಕ್ತಿದೀನಿ. ನಿಂದೂ ಒಂದು ಕೊಡು."

ಗಡ್ಡದಿಂದ ಕಿತ್ತು ಕೊಟ್ಟ. ಮಾರಾಯನ ಗಡ್ಡ ಹಗ್ಗದ ಹಾಗಿದೆ, ಎಷ್ಟು ಹಾಳೆ ಹೇರಿದರೂ ಸಿಗುತ್ತದೆ. "ಮೋಸ, ಇದು ಲೆಕ್ಕಕ್ಕಿಲ್ಲ," ಅಂದೆ. ಆಮೇಲೆ ಅವನೇ ಕಣ್ಣು ಮುಚ್ಚಿ ಕೂತ. ಕಾಲ್ ಬರುವವರೆಗೂ ಎದ್ದೇಳಲಿಲ್ಲ.

ಮಾರ್ಚ್ 24, ಪೆನ್ಸಿಲ್ವೇನಿಯಾ

ಇಟ್ಟಿಗೆಯನ್ನೂ ನೋಡಿಬಿಡೋಣ ಅಂತ ಬಂದೆ. ಅಮ್ಮನ ಒತ್ತಾಯ. ಮೆಟ್ಟಿಲು ಸವೆದಿವೆ, ಲಿಫ್ಟು ನರಳುತ್ತದೆ, ಕಾಫಿ ಗಂಜಿನೀರು. ಕಾಲೇಜು ತೋರಿಸಿದವಳು ತಬಿಥಾ ನೊವಾಕ್, ಕೊನೆಯ ವರ್ಷದವಳು. ಹೋದ ವಾರವಷ್ಟೇ ಮ್ಯಾಚ್ ಆಗಿದೆ. ಹೆರಿಗೆ ವಿಭಾಗ! ಅವಳು ನಡೆಯುವುದಿಲ್ಲ, ಹಾರುತ್ತಾಳೆ.

ನಾನು ಸಂಕೋಚ ಬಿಟ್ಟು ಕೇಳಿದೆ. "ನಿಮ್ಮಲ್ಲಿ ಹೆರಿಗೆಗೆ ನಾಲ್ಕೇ ಜನಕ್ಕಲ್ವಾ ಸಿಕ್ಕಿದ್ದು? ಕಮ್ಮಿ ಆಯ್ತು."

ನಿಂತುಬಿಟ್ಟಳು. "ಕಮ್ಮೀನಾ? ಕೇಳಿದ್ದೇ ನಾಲ್ಕು ಜನ ಕಣೆ!"

...ಮಂಕುದಿಣ್ಣೆ ನಾನು. ಎಷ್ಟು ಜನಕ್ಕೆ ಸಿಕ್ಕಿತು ಅಂತ ನೋಡಿದೆ, ಎಷ್ಟು ಜನ ಕೇಳಿದ್ದರು ಅಂತ ನೋಡಲೇ ಇಲ್ಲ. ಸೀಟು ಸಿಕ್ಕಿದ ನಾವೆಲ್ಲ ಈ ಪಟ್ಟಿಗಳನ್ನು ಪಂದ್ಯದ ಸ್ಕೋರಿನ ಹಾಗೆ ಓದುತ್ತೇವೆ.

"ಆದ್ರೆ ಸುಳ್ಳು ಹೇಳಲ್ಲ," ಅಂದಳು. "ಹೋದ ವರ್ಷ ನನ್ನ ರೂಮ್‌ಮೇಟಿಗೆ ಸಿಗ್ಲಿಲ್ಲ. ಬಾತ್ರೂಮಲ್ಲಿ ಕೂತು ಅತ್ಲು. ಒಂದು ವರ್ಷ ಕಾದು ಮತ್ತೆ ಕೇಳಿದ್ಲು, ಈಗ ಸಿಕ್ತು. ಇಲ್ಲಿ ಯಾರೂ ನಿನ್ನನ್ನ ಕೇಳಬೇಡ ಅನ್ನಲ್ಲ. ಬೀಳೋದಾದ್ರೆ ನೀನೇ ಬೀಳ್ತೀಯ."

ಮಾರ್ಚ್ 29

ಗಾಜಿನವರಿಗೆ ಫೋನ್ ಮಾಡಿದೆ. ಪ್ರವೇಶ ವಿಭಾಗದ ವಿಟ್ಲಾಕ್ ಅನ್ನುವವರು. ಬೆಣ್ಣೆಯಂಥ ಮಾತು.

"ಸರ್, ಹೆರಿಗೆ ವಿಭಾಗಕ್ಕೆ ಹನ್ನೊಂದು ಜನಕ್ಕೆ ಸಿಕ್ಕಿದೆಯಲ್ಲ, ಕೇಳಿದವ್ರು ಎಷ್ಟು ಜನ?"

"ಹನ್ನೊಂದೇ ಅಮ್ಮ. ನೂರಕ್ಕೆ ನೂರು!"

"ಅಲ್ಲ ಸರ್, ಮೊದ್ಲು? ಎರಡನೇ ವರ್ಷದಲ್ಲಿ, ಮೂರನೇ ವರ್ಷದಲ್ಲಿ, ಇದೇ ಬೇಕು ಅಂತ ಇದ್ದವ್ರು?"

"ಆ ಲೆಕ್ಕ ಯಾರಿಡ್ತಾರೆ? ನೋಡಮ್ಮ, ಮೂರನೇ ವರ್ಷದಲ್ಲಿ ಕೂರಿಸ್ಕೊಂಡು ಸಲಹೆ ಕೊಡ್ತೀವಿ. ಸಿಗೋದು ಅನುಮಾನ ಅನ್ನೋದನ್ನ ಕೇಳೋಕೆ ಹೋಗ್ಬೇಡಿ ಅಂತ. ಅದಕ್ಕೇ ನಮ್ಮಲ್ಲಿ ಒಬ್ರೂ ರೆಸಿಡೆನ್ಸಿ ಇಲ್ದೆ ಉಳಿಯಲ್ಲ."

"ನಿಮ್ಮ ಸಲಹೆ ಕೇಳ್ದೆ ಇದ್ರೆ?"

ನಕ್ಕರು. "ಡೀನ್ ಶಿಫಾರಸು ಪತ್ರ ಇಲ್ದೆ ಯಾವ ಆಸ್ಪತ್ರೆನೂ ನೋಡಲ್ವಲ್ಲ. ಎಲ್ರೂ ಹೇಳಿದ ಹಾಗೆ ಕೇಳ್ತಾರೆ."

ಹೆಮ್ಮೆಯಿಂದಲೇ ಹೇಳಿದರು. ತಪ್ಪು ಅಂತ ಅವರಿಗೆ ಅನ್ನಿಸಿಲ್ಲ. ಸಲಹೆ! ಎಂಥ ಸಾಧು ಪದ. ಒಳಗಿನಿಂದ ಚಿಲಕ ಹಾಕುವ ಪದ.

ಏಪ್ರಿಲ್ 3

ಆದರೂ ಹೊಯ್ದಾಟ. ಗಾಜಿಗೆ ಹೋದರೆ ಡಾಕ್ಟರಾಗುವುದು ಖಚಿತ, ಯಾವ ಡಾಕ್ಟರು ಅನ್ನುವುದು ಅವರಿಷ್ಟ. ಇಟ್ಟಿಗೆಗೆ ಹೋದರೆ ಕೇಳುವುದು ನನ್ನಿಷ್ಟ, ಸಿಗದೆಯೂ ಹೋಗಬಹುದು. ವಯಸ್ಸು ಮೂವತ್ತೊಂದು. ಬಿದ್ದರೆ ಏಳುವುದು ಎಷ್ಟು ಸಲ?

ಅಮ್ಮನ ಹತ್ತಿರ ಹೇಳಿಕೊಂಡೆ.

"ಯಾವುದೋ ಒಂದು ಡಾಕ್ಟ್ರಾದ್ರೂ ನಂಗೆ ಖುಷಿನೇ ಕಣೆ. ಚರ್ಮದ್ದೋ, ಕಣ್ಣಿಂದೋ. ಫರ್ನಾಂಡ್ ಮುಂದೆ ಮೆರೀತೀನಿ. ಆದ್ರೆ ನೀನು ಇರ್ತೀಯಾ ಖುಷಿಯಾಗಿ?"

ಎದ್ದು ಹೋಗಿ ಇಟ್ಟಿಗೆಯವರ ಕಾಗದ ಹುಡುಕಿ ತೆಗೆದಿಟ್ಟೆ.

ಏಪ್ರಿಲ್ 5

ಇಟ್ಟಿಗೆ. ಒಪ್ಪಿಗೆ ಕಳಿಸಿದೆ. ಗಾಜಿನ ಸೀಟು ಬಿಟ್ಟೆ.

ಅರ್ಮಾಂಡ್: "ನೂರಕ್ಕೆ ನೂರು ಬಿಟ್ಟವಳನ್ನ ಇದೇ ಮೊದ್ಲು ನೋಡಿದ್ದು ಮಾರಾಯ್ತಿ." ಆಮೇಲೆ ಮೆಲ್ಲಗೆ: "ಸರಿಯಾಗೇ ಮಾಡ್ದೆ."



ಮೂರನೇ ವರ್ಷ, ಜನವರಿ

ಎಷ್ಟು ದಿನವಾಯಿತು ಇದನ್ನು ತೆರೆದು! ಬರೆಯಲು ಕೈಯಿದ್ದರೆ ತಾನೆ. ನಮ್ಮ ಡಿಒ ಪರೀಕ್ಷೆಯೂ ಬರೆದೆ, ಎಂಡಿಗಳ ಪರೀಕ್ಷೆಯೂ ಬರೆದೆ, ಯಾರೂ ನೆಪ ಹೇಳಬಾರದು ಅಂತ. ಡಿಒದ್ದು ಚೆನ್ನಾಗಿ ಬಂತು. ಇನ್ನೊಂದು... ಸುಮಾರು.

ಇವತ್ತು ಸಲಹೆಗಾರರ ಭೇಟಿ. ಡಾಕ್ಟರ್ ಹೋರ್ವಾತ್, ಕನ್ನಡಕದ ಮೇಲಿಂದ ನೋಡುವ ಹೆಂಗಸು. ನನ್ನ ಅಂಕದ ಹಾಳೆಯ ಮೇಲೆ ಪೆನ್ಸಿಲ್ ಓಡಿಸಿ, ಒಂದು ಕಡೆ ಗೆರೆ ಎಳೆದರು. ಮುಗಿಯಿತು, ಈಗ "ಸಲಹೆ" ಬರುತ್ತದೆ ಅಂದುಕೊಂಡೆ.

"ಏನು ಬೇಕು ನಿಂಗೆ, ಗೆರೆಟ್?"

"ಹೆರಿಗೆ ವಿಭಾಗ."

"ಇದೊಂದು ಅಂಕ ಕಮ್ಮಿ. ಕಷ್ಟ ಇದೆ. ಅದಕ್ಕೆ ನಾಲ್ಕು ಊರಿನ ಆಸ್ಪತ್ರೆಗೆ ಹೋಗಿ ಕೆಲಸ ಮಾಡಿ ತೋರಿಸ್ಬೇಕು. ಎಲ್ಲೆಲ್ಲಿ ಅಂತ ಈಗ್ಲೇ ಬರಿ. ಫೋನ್ ನಾನು ಮಾಡ್ತೀನಿ."

ಅಷ್ಟೇ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಲ್ಲೇ ನಾಲ್ಕು ಊರಿನ ಹೆಸರು ಬರೆದೆ.

ನಾಲ್ಕನೇ ವರ್ಷ, ನವೆಂಬರ್

ಸಂದರ್ಶನಗಳು. ಒಂದು ದೊಡ್ಡ ಆಸ್ಪತ್ರೆಯ ಡಾಕ್ಟರು ನನ್ನ ಕಾಗದ ತಿರುವಿ, "ಓ, ಡಿಒನಾ? ಬೆನ್ನು ಲಟಕ್ ಅನ್ಸೋಕೆ ಬರುತ್ತಾ?" ಅಂದರು.

"ಬರುತ್ತೆ ಸರ್. ಆಂಬುಲೆನ್ಸಲ್ಲಿ ಒಬ್ಬಳೇ ಹೆರಿಗೆ ಮಾಡ್ಸೋಕೂ ಬರುತ್ತೆ. ಹಿಮ ಬೀಳ್ತಿದ್ರೂ."

ಪಕ್ಕದಲ್ಲಿ ಕೂತಿದ್ದ ಹೆಂಗಸು ನಗು ತಡೆಯಲು ಕೆಮ್ಮಿದರು. ನನ್ನ ಸಾಲಿನಲ್ಲಿ ಆ ಆಸ್ಪತ್ರೆ ಕಟ್ಟಕಡೆಗೆ.

ಮೊದಲಿಗೆ ಯಾವುದು? ನಮ್ಮ ಮೇನ್ ರಾಜ್ಯದ್ದೇ, ಕರಾವಳಿಯದು. ಅಲ್ಲಿ ಒಂದು ತಿಂಗಳು ದುಡಿದಿದ್ದೇನೆ. ಕಣಿವೆಗೆ ವಾಪಸ್ ಹೋಗುತ್ತೇನೆ ಅಂದಾಗ ಅಲ್ಲಿ ಯಾರೂ ನಗಲಿಲ್ಲ.

ಮಾರ್ಚ್, ಸೋಮವಾರ

ಇವತ್ತು ಗೊತ್ತಾಗುವುದು ಕುದುರಿತೋ ಇಲ್ಲವೋ ಅಷ್ಟೇ. ಎಲ್ಲಿ ಅನ್ನುವುದು ಶುಕ್ರವಾರ. ಆಸ್ಪತ್ರೆಯ ಕಾರಿಡಾರಿನಲ್ಲಿ ಮೇಲ್ ತೆರೆದೆ. ಓದಿದೆ. ಮತ್ತೆ ಓದಿದೆ.

ಕುದುರಿತು.

ಕುದುರಿತು!!

ಕಸ ಗುಡಿಸುತ್ತಿದ್ದ ಹೆಂಗಸನ್ನು ಅಪ್ಪಿಕೊಂಡೆ. ಅವಳೂ ಅಪ್ಪಿಕೊಂಡಳು, ಯಾಕೆ ಅಂತ ಕೇಳಲಿಲ್ಲ.

ಶುಕ್ರವಾರ, ಮಧ್ಯಾಹ್ನ

ಇಟ್ಟಿಗೆ ಕಟ್ಟಡದ ಹಿಂದಿನ ಹಾಲ್. ಗಲಾಟೆ. ಮೂಲೆಯ ಕುರ್ಚಿ ಹಿಡಿದು ಬರೆಯುತ್ತಿದ್ದೇನೆ. ಅಮ್ಮ ಬಂದಿದ್ದಾಳೆ, ಅರ್ಮಾಂಡ್ ಬಂದಿದ್ದಾನೆ, ಟೈ ಕಟ್ಟಿಕೊಂಡು! ಲಕೋಟೆ ಹರಿಯಲು ನನ್ನ ಕೈಲಾಗಲಿಲ್ಲ. ಅಮ್ಮನಿಗೆ ಕೊಟ್ಟೆ. ಅವಳು ಒಂದೊಂದೇ ಪದ ಓದಿದಳು. ಪ್ರಸೂತಿ... ಮತ್ತು ಸ್ತ್ರೀರೋಗ... ಆಮೇಲೆ ಊರಿನ ಹೆಸರಿಗೆ ಬಂದು ನಿಂತಳು.

"ಅಯ್ಯೋ, ಇದು ನಮ್ಮ ಮೇನ್ ಅಲ್ವೇನೇ!"

ಮೊದಲನೆಯದು. ಸಾಲಿನ ಮೊದಲನೆಯದೇ.

ಅರ್ಮಾಂಡ್ ಅಳುತ್ತಿದ್ದಾನೆ, ಟೈಯಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದಾನೆ. ಅಮ್ಮ ಆಗಲೇ ಫೋನ್ ಹಿಡಿದಿದ್ದಾಳೆ. "ಹಲೋ ಫರ್ನಾಂಡ್? ಕೂತ್ಕೋ ಮೊದ್ಲು. ಕೂತ್ಯಾ?"

ಹಾಲಿನ ಆ ತುದಿಯಿಂದ ಡಾಕ್ಟರ್ ಹೋರ್ವಾತ್ ಯಾರನ್ನೋ ಕೂಗುತ್ತಿದ್ದಾರೆ. "ಡಾಕ್ಟರ್ ಗೆರೆಟ್! ಡಾಕ್ಟರ್ ಗೆರೆಟ್!" ಎಷ್ಟು ಸಲ ಕೂಗಿದರೂ ಆ ಡಾಕ್ಟರು ಓ ಅನ್ನುತ್ತಿಲ್ಲ. ಯಾರಪ್ಪ ಅಂತ ನಾನೂ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

ಅಯ್ಯೋ. ಅದು ನಾ—