‘ಎರಡೂ ಕಡೆ ಇದೆ’ ಎಂದು ಬರೆದವಳು

ಕೊಪ್ಪಳ, ಕ್ರಿ.ಶ. ೨೨೪೧, ಹದಿಮೂರನೆಯ ತಿಂಗಳ ಇಪ್ಪತ್ತೆರಡು

ನನಗಿಂತ ಇನ್ನೂರು ವರ್ಷ ಹಿಂದೆ ಬದುಕಿರುವ ಹಿರಿಯರಿಗೆ ಫಕೀರವ್ವನ ಶರಣು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನೀವು ಆ್ಯಪ್ ಎನ್ನುವುದನ್ನು ನಾವು ಒಕ್ಕಲು ಎನ್ನುತ್ತೇವೆ, ಫೋನಿಗೆ ಬಂದು ನೆಲೆಸುತ್ತದೆಯಲ್ಲ, ಅದಕ್ಕೆ. ಫೋನುಗಳಲ್ಲಿ ಎರಡು ಬಗೆ. ಒಂದರ ಲೋಕ ಮೂಡಣಪೇಟೆ, ಇನ್ನೊಂದರದು ಪಡುವಣಪೇಟೆ. ಇಷ್ಟು ಬರೆಯುವುದರೊಳಗೆ ನಾಲ್ಕು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ನಮ್ಮಲ್ಲಿ ಒಂದು ಮನೆಗೆ ಒಂದೇ ಪೇಟೆ. ಬಾಗಿಲ ಬೀಗ, ಒಲೆ, ನಲ್ಲಿ ಎಲ್ಲವೂ ಆ ಪೇಟೆಯ ಮಾತನ್ನಷ್ಟೇ ಕೇಳುತ್ತವೆ. ಇನ್ನೊಂದರ ಫೋನು ಹಿಡಿದು ನಿಂತರೆ ಸ್ವಂತ ಮನೆಯ ನಲ್ಲಿಯೂ ಹನಿ ನೀರು ಬಿಡುವುದಿಲ್ಲ. ಹಾಗಾಗಿ ಬೇರೆ ಪೇಟೆಯವರ ಜೊತೆ ಸಂಬಂಧ ಕುದುರಿದರೆ ಜಾತಕಕ್ಕಿಂತ ಮೊದಲು ಪಟ್ಟಿ ಕೂಡಿಸುತ್ತಾರೆ. ಈ ಮನೆಯವರು ಬಳಸುವ ಒಕ್ಕಲುಗಳೆಲ್ಲ ಆ ಪೇಟೆಯಲ್ಲೂ ಸಿಗುತ್ತವೆಯೇ ಎಂದು ಒಂದೊಂದಾಗಿ ನೋಡಿ ಬರೆದುಕೊಡುವುದು ಹೋಲಿಕೆಗಾರ್ತಿಯ ಕೆಲಸ. ನಲವತ್ತು ವರ್ಷದಿಂದ ಆ ಕೆಲಸ ನನ್ನದು. ನನ್ನ ಪಟ್ಟಿಯ ಬಗ್ಗೆ ಯಾರೂ ಚಕಾರವೆತ್ತಿದ್ದಿಲ್ಲ, ಆ ಜಂಬವೂ ನನಗೆ ಬೇಕಾದಷ್ಟಿತ್ತು.

ತಂಗಿ ಹುಲಿಗೆವ್ವನಿಗೆ ಕಿವಿ ಒಂದಿಷ್ಟೂ ಕೇಳುವುದಿಲ್ಲ. ಮಾತೋಲೆ ಎಂಬ ಒಕ್ಕಲು ಎದುರಿನವರ ಮಾತನ್ನು ಅವಳ ಕನ್ನಡಕದ ಮೇಲೆ ಅಕ್ಷರವಾಗಿಸಿ ತೋರಿಸುತ್ತಿತ್ತು. ಅವಳ ಮಗಳು ಇಳಾಳ ಮದುವೆ ಪಡುವಣಪೇಟೆಯ ಹುಡುಗನ ಜೊತೆ ಗೊತ್ತಾಯಿತು. ಅಳಿಯ ತಂಗಿಯ ಮನೆಯಲ್ಲೇ ಉಳಿಯುವವನು, ಅವನಿಗಾಗಿ ಇಡೀ ಮನೆ ಪೇಟೆ ಬದಲಿಸುವುದೆಂದಾಯಿತು. ಪಟ್ಟಿ ನಾನೇ ಮಾಡಿದೆ. ಮಾತೋಲೆ ಅಲ್ಲೂ ಇತ್ತು: ಅದೇ ಹೆಸರು, ಅದೇ ನೀಲಿ ಚಿತ್ರ. ತೆರೆದು ನೋಡಲಿಲ್ಲ. ‘ಎರಡೂ ಕಡೆ ಇದೆ’ ಎಂದು ಬರೆದೆ. “ಅಕ್ಕಾ, ನೀ ನೋಡಿದಿ ಅಂದ್ರ ಮುಗೀತು, ನಾ ಮತ್ಯಾಕ ನೋಡ್ಲಿ?” ಎಂದು ನಕ್ಕು ಹುಲಿಗೆವ್ವ ಹೆಬ್ಬೆಟ್ಟು ಒತ್ತಿದಳು.

ಮದುವೆಯಾದ ಮೇಲೆ ಅವಳ ಕನ್ನಡಕದ ಮೇಲೆ ಯಾವುದೋ ಭಾಷೆಯ ಚೂರುಪಾರು ಪದಗಳು ಬರತೊಡಗಿದವು. ಅವ್ವನೇ ಏನನ್ನೋ ಒತ್ತಿ ಕೆಡಿಸಿದ್ದಾಳೆ ಎಂದುಕೊಂಡಳು ಮಗಳು. ಮೊದಲ ವಾರ ಮಗಳು, ಅಳಿಯ ಪ್ರತಿ ಮಾತನ್ನೂ ಬರೆದು ತೋರಿಸಿದರು. ಆಮೇಲೆ ಮುಖ್ಯವಾದದ್ದನ್ನಷ್ಟೇ. ಈಗ ಊಟಕ್ಕೆ ಕೂತಾಗ ಎಲ್ಲರೂ ನಕ್ಕರೆ ಅವಳೂ ನಗುತ್ತಾಳೆ. ಯಾಕೆಂದು ಕೇಳಿದರೆ ಏನಿಲ್ಲ ಬಿಡು ಎಂದು ಕೈಯಾಡಿಸುತ್ತಾರೆ. ಕೆಟ್ಟವರೇನಲ್ಲ, ದಣಿದಿದ್ದಾರೆ.

ಕಳೆದ ವಾರ ಹೋದಾಗ ಅವಳ ಫೋನು ತೆಗೆದು ನೋಡಿದೆ. ಪಡುವಣದ ಮಾತೋಲೆಗೆ ಹನ್ನೊಂದು ಭಾಷೆ ಬರುತ್ತವೆ. ಕನ್ನಡ ಅದರಲ್ಲಿಲ್ಲ. ಪೇಟೆ ಬದಲಿಸಿದ ಮನೆ ಏಳು ವರ್ಷ ಮರಳುವಂತಿಲ್ಲ ಎಂಬ ಕಟ್ಟಳೆ ಬೇರೆ ಇದೆ, ತಂಗಿಗೆ ಎಪ್ಪತ್ತಾರು. ನನ್ನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು: “ನನಗ ವಯಸ್ಸಾತು, ಹೊಸಾದು ತಲಿಗೆ ಹತ್ತವಲ್ದು. ನಿನ್ನ ಪಟ್ಟ್ಯಾಗ ಐತಲ್ಲ, ತಪ್ಪು ನಂದ.” ಫೋನು ಅವಳ ಕೈಗಿಟ್ಟು, ಚಹಾ ಕುಡಿದು ಎದ್ದು ಬಂದೆ. ಅಂದಿನಿಂದ ಅನ್ನ ಸೇರುತ್ತಿಲ್ಲ, ನಾಚಿಕೆಯಾಗುತ್ತಿದೆ.

ನಿಮ್ಮಲ್ಲೂ ಎರಡು ಬಗೆಯ ಫೋನುಗಳಿವೆಯಂತೆ, ಯಾವುದರಲ್ಲಿ ಎಷ್ಟು ಆ್ಯಪ್ ಸಿಗುತ್ತವೆ ಎಂದು ಎಣಿಸಿ ಹೋಲಿಸುತ್ತೀರಂತೆ. ಎಣಿಸಿ, ಬೇಡ ಎನ್ನುವುದಿಲ್ಲ. ಆದರೆ ಇದೆ ಎಂದು ಬರೆಯುವ ಮೊದಲು ಅದನ್ನೇ ನೆಚ್ಚಿ ಬದುಕುವ ಒಬ್ಬರ ಕೈಗೆ ಕೊಟ್ಟು ಒಂದು ದಿನ ಕಾಯಿರಿ. ನಾನು ಕಾಯಲಿಲ್ಲ.

ನಾಳೆ ಮುಂಜಾನೆ ತಂಗಿಯ ಮನೆಗೆ ಹೋಗುತ್ತೇನೆ. ಬಾಯಲ್ಲಿ ಗಡಿಬಿಡಿಯಿಂದ ಹೇಳಿ ಹಗುರಾಗುವಂತಿಲ್ಲ, ಅವಳಿಗೆ ಕೇಳಿಸುವುದಿಲ್ಲ. ತಪ್ಪು ನನ್ನದೆಂದು ಕಾಗದದ ಮೇಲೆ ಬರೆದು ಕೊಟ್ಟು, ಅವಳು ಓದಿ ಮುಗಿಸಿ ತಲೆ ಎತ್ತುವ ತನಕ ಎದುರಿಗೇ ಕೂತಿರಬೇಕು.